ರೊಟ್ಟಿ ಎಲ್ಲರಿಗೂ ಬೇಕು, ಬಡಿಯೋರು ಯಾರು?

ಇವತ್ತು ರಾಜಕೀಯ ಬೇಡ, ಊಟದ ಬಗ್ಗೆ ಮಾತಾಡೋಣ. ಊಟ ಅಂದ್ರೆ ಹಗುರ ವಿಷಯ ಅಂದ್ಕೋಬೇಡಿ. ಒಂದು ಊರಿನ ತಾಟು ನೋಡಿದರೆ ಸಾಕು, ಆ ಊರಿನ ಮಣ್ಣು, ಮಳೆ, ಕೂಲಿ, ಮನೆಯೊಳಗಿನ ಹೆಣ್ಣುಮಕ್ಕಳ ಪಾಡು ಎಲ್ಲಾ ಅಲ್ಲೇ ಕಾಣುತ್ತೆ.

ಮೊದಲು ಹೊರಗಿನ ಸುದ್ದಿ. 2014ರಲ್ಲಿ ಯುನೆಸ್ಕೋ ಸಂಸ್ಥೆ ಅರ್ಮೇನಿಯಾ ದೇಶದ ‘ಲವಾಶ್’ ಅನ್ನೋ ತೆಳು ರೊಟ್ಟಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ಇಟಲಿಯ ನೇಪಲ್ಸ್ ಊರಿನ ಪಿಜ್ಜಾ ಕಸುಬು ಸೇರಿತು. 2022ರಲ್ಲಿ ಫ್ರಾನ್ಸಿನ ಉದ್ದನೆಯ ಬ್ರೆಡ್ಡು, ಅದೇ ‘ಬಗೆಟ್’, ಅದರ ಸರದಿ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ನೇಪಲ್ಸಿಗೆ ಗೌರವ ಸಿಕ್ಕಿದ್ದು ಪಿಜ್ಜಾ ಅನ್ನೋ ತಿಂಡಿಗಲ್ಲ, ಅದನ್ನು ಮಾಡುವವರ ಕೈಚಳಕಕ್ಕೆ. ಫ್ರಾನ್ಸಿನಲ್ಲೂ ಅಷ್ಟೇ. ಬ್ರೆಡ್ಡಿಗಲ್ಲ, ಅದನ್ನು ನಾದಿ ಸುಡುವ ಕುಶಲತೆಗೆ. ರುಚಿ ನಾಲಿಗೆಯ ಮೇಲೆ ಇರುತ್ತೆ ನಿಜ. ಆದರೆ ಅದು ಹುಟ್ಟೋದು ಯಾರದೋ ಕೈಯಲ್ಲಿ.

ಈಗ ನಮ್ಮ ವಿಜಯಪುರ ಜಿಲ್ಲೆಗೆ ಬನ್ನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲೂಕುಗಳನ್ನು ಒಡೆದು ಈಗ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಅಂತ ಹೊಸ ತಾಲೂಕು ಮಾಡಿದ್ದಾರೆ. ತಾಲೂಕು ಎಷ್ಟಾದರೂ ತಾಟು ಒಂದೇ. ಆ ತಾಟಿನ ನಡುವೆ ಇರೋದು ಬಿಳಿಜೋಳದ ರೊಟ್ಟಿ. ಬೆಂಗಳೂರಿನ ಓಣಿ ಓಣಿಯಲ್ಲಿ ಇವತ್ತು ‘ಉತ್ತರ ಕರ್ನಾಟಕ ಖಾನಾವಳಿ’ ಬೋರ್ಡು ನೇತಾಡುತ್ತೆ, ಮದುವೆ ಊಟದಲ್ಲಿ ರೊಟ್ಟಿಗೆ ಅಂತಲೇ ಬೇರೆ ಕೌಂಟರ್ ಇರುತ್ತೆ. ಹಾಗಾದರೆ ರೊಟ್ಟಿಗೆ ಒಳ್ಳೇ ಕಾಲ ಬಂತು ಅಂತ ಅರ್ಥವೇ? ಅಲ್ಲಿಗೇ ಬರ್ತೀನಿ. ಅದಕ್ಕೆ ಮುಂಚೆ ಈ ರೊಟ್ಟಿ ಎಲ್ಲಿಂದ ಬಂತು, ಹೇಗೆ ಆಗುತ್ತೆ ಅನ್ನೋದನ್ನು ತಿಳ್ಕೊಳ್ಳೋಣ. ಮಾಡೋದು ಎಷ್ಟು ಕಷ್ಟ ಅಂತ ಗೊತ್ತಿಲ್ಲದೆ ಉಳಿಸೋ ಮಾತಾಡೋದು ಬರೀ ಭಾಷಣ ಆಗುತ್ತೆ.

ಈ ಭಾಗದ್ದು ಎರಿ ಭೂಮಿ, ಕಪ್ಪು ಮಣ್ಣು. ಮಳೆ ಕಡಿಮೆ. ಆದರೆ ಬಿದ್ದ ಮಳೆಯನ್ನು ಈ ಮಣ್ಣು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತೆ. ಉತ್ತರಿ, ಹಸ್ತ ಮಳೆ ಹೊತ್ತಿಗೆ, ಅಂದ್ರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಒಳಗೆ, ಹಿಂಗಾರಿ ಜೋಳ ಬಿತ್ತುತ್ತಾರೆ. ಆಮೇಲೆ ಮಳೆಯೇ ಬರದಿದ್ದರೂ ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿ ನಂಬಿಕೊಂಡು ಬೆಳೆ ನಿಲ್ಲುತ್ತೆ. ಭೂಮಿ ಬಿರುಕು ಬಿಟ್ಟರೆ ತೇವ ಹಾರಿಹೋಗುತ್ತೆ ಅಂತ ರೈತರು ಎಡೆ ಹೊಡೆದು ಬಿರುಕು ಮುಚ್ಚುತ್ತಾರೆ. ಫೆಬ್ರವರಿ, ಮಾರ್ಚ್‌ಗೆ ರಾಶಿ. ಒಂದು ಹನಿ ಕಾಲುವೆ ನೀರಿಲ್ಲದೆ ಬರೋ ಅನ್ನ ಇದು. ಬಾಗೇವಾಡಿ, ತಾಳಿಕೋಟೆ ಸೀಮೆಯಲ್ಲಿ ಹರಿಯೋ ಡೋಣಿ ನದಿಯ ನೀರು ಉಪ್ಪು, ಕುಡಿಯೋಕೆ ಬರಲ್ಲ. ಆದರೆ ಅದರ ದಂಡೆಯ ಮಣ್ಣು ಬಂಗಾರ. ಡೋಣಿ ಬೆಳೆದರೆ ಓಣೆಲ್ಲಾ ಜೋಳ ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ತಳಿಯ ಹೆಸರು ಮಾಲ್ದಂಡಿ. ಪೂರ್ತಿ ಹೆಸರು ಎಂ 35-1. ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಟಿ ಜೋಳದಿಂದಲೇ ಆರಿಸಿ ತೆಗೆದದ್ದು, ಅದೂ ಸ್ವಾತಂತ್ರ್ಯಕ್ಕೂ ಮೊದಲು. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಬಂತು, ಆಮೇಲೆ ಎಷ್ಟೋ ಹೊಸ ತಳಿ ಬಂದವು. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರವೇ ಬಿಜೆವಿ 44 ಅನ್ನೋ ತಳಿ ಕೊಟ್ಟಿದೆ. ಆದರೂ ಮಾಲ್ದಂಡಿ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಯಾಕೆ? ಕಾಳು ದುಂಡಗೆ, ಮುತ್ತಿನ ಹಾಗೆ ಹೊಳೆಯುತ್ತೆ. ಹಿಟ್ಟಿಗೆ ಜಿಗಿ ಇದೆ. ರೊಟ್ಟಿ ಬೆಳ್ಳಗಾಗುತ್ತೆ, ಸಿಹಿಯಾಗಿರುತ್ತೆ. ಕಣಿಕೆಯನ್ನು ದನ ಬಾಯಿ ತುಂಬ ತಿನ್ನುತ್ತವೆ. ಮನುಷ್ಯರಿಗೂ ಎತ್ತಿಗೂ ಒಂದೇ ಹೊಲದಿಂದ ಊಟ.

ಈಗ ಒಲೆ ಹತ್ತಿರ ಹೋಗೋಣ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇರುತ್ತೆ. ತಣ್ಣೀರು ಹಾಕಿ ನಾದಿದರೆ ಸಾಕು, ರಬ್ಬರಿನ ಹಾಗೆ ಎಳೆದುಕೊಳ್ಳುತ್ತೆ, ಲಟ್ಟಣಿಗೆ ಕೊಟ್ಟರೆ ಚಪಾತಿ ಯಾರು ಬೇಕಾದರೂ ಮಾಡಬಹುದು. ಜೋಳದಲ್ಲಿ ಆ ಅಂಟು ಇಲ್ಲ. ಹಾಗಾಗಿ ಕುದಿಯೋ ನೀರು, ಅದೇ ಎಸರು, ಹಿಟ್ಟಿನ ನಡುವೆ ಸುರಿಯುತ್ತಾರೆ. ಬಿಸಿಗೆ ಹಿಟ್ಟಿನೊಳಗಿನ ಗಂಜಿಯ ಅಂಶ ಅರಳಿ, ಅಂಟಿನ ಕೆಲಸವನ್ನು ಅದೇ ಮಾಡುತ್ತೆ. ಕೈ ಸುಡ್ತಾ ಇರುವಾಗಲೇ ಅದನ್ನು ನಾದಿ ನಾದಿ ಮೆತ್ತಗೆ ಮಾಡಬೇಕು. ನಾದೋದು ಕಡಿಮೆ ಆಯ್ತೋ, ರೊಟ್ಟಿಯ ಅಂಚು ಒಡೆಯಿತು. ಹಿಟ್ಟು ಹಳೇದಾಯ್ತೋ, ಜಿಗಿ ಹೋಯ್ತು, ರೊಟ್ಟಿ ಎತ್ತಿದರೆ ಎರಡು ತುಂಡು. ಅದಕ್ಕೇ ಈ ಕಡೆ ಮನೆಗಳಲ್ಲಿ ತಿಂಗಳ ಹಿಟ್ಟು ಒಮ್ಮೆಗೇ ಬೀಸಿಸಿ ಇಡೋದಿಲ್ಲ, ಆಗಾಗ ಗಿರಣಿಗೆ ಹೋಗುತ್ತಾರೆ.

ಆಮೇಲೆ ಬಡಿಯೋದು. ಅಂಗೈಯಿಂದ ಬಡಿದು ಬಡಿದು, ಅದು ತಾನಾಗಿ ತಿರುಗುವಂತೆ ಮಾಡುತ್ತಾ, ಉಂಡೆಯನ್ನು ಹುಣ್ಣಿಮೆ ಚಂದ್ರನಷ್ಟು ದುಂಡಗೆ ಮಾಡಬೇಕು. ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು. ಆ ನೀರು ಒಣಗಿದ ಕ್ಷಣಕ್ಕೆ ಸರಿಯಾಗಿ ತಿರುವಿ ಹಾಕಬೇಕು. ಮೊದಲೂ ಅಲ್ಲ, ತಡವೂ ಅಲ್ಲ. ಆಗ ಅದು ಬುರ್ರನೆ ಉಬ್ಬುತ್ತೆ. ಬಿಸಿ ರೊಟ್ಟಿ ಬೇಕಾ, ಹಾಗೇ ತಾಟಿಗೆ. ಕಡಕ್ ರೊಟ್ಟಿ ಬೇಕಾ, ಸಣ್ಣ ಉರಿಯಲ್ಲಿ, ಒಲೆಯ ಕಾವಿಗೆ ಒರಗಿಸಿಟ್ಟು ನೀರಿನ ಅಂಶ ಪೂರ್ತಿ ಹೋಗೋವರೆಗೆ ಒಣಗಿಸಬೇಕು. ನೀರು ಹೋದ ಮೇಲೆ ಬೂಸರು ಹಿಡಿಯೋದಿಲ್ಲ. ವಾರಗಟ್ಟಲೆ ಇಟ್ಟರೂ ಕೆಡಲ್ಲ. ಫ್ರಿಜ್ಜು ಅನ್ನೋ ಪದ ಹುಟ್ಟೋ ಮುಂಚೆಯೇ ಈ ಸೀಮೆಯ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯ ಇದು.

ಆ ಉಪಾಯದ ಹಿಂದೆ ಒಂದು ಭಯವೂ ಇದೆ. ಅದು ಬರದ ಭಯ. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ಈ ಪ್ರದೇಶ ಕಲಾದಗಿ ಜಿಲ್ಲೆಯಲ್ಲಿತ್ತು. ಮುಂಬೈ ಪ್ರಾಂತದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಅದೂ ಒಂದು. ಹಾಗಾಗಿ ಒಳ್ಳೇ ಬೆಳೆ ಬಂದ ವರ್ಷ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಮನೆಯೊಳಗೆ ಬುಟ್ಟಿ ತುಂಬ ಕಡಕ್ ರೊಟ್ಟಿ, ನೆಲದೊಳಗೆ ಹಗೇವು ತುಂಬ ಕಾಳು. ಇವೆರಡೂ ಇದ್ದರೆ ಆ ವರ್ಷ ಮನೆ ಮಂದಿ ಕಣ್ಣು ತುಂಬ ನಿದ್ದೆ ಮಾಡಬಹುದಿತ್ತು.

ಬರೀ ರೊಟ್ಟಿ ತಿಂದರೆ ಊಟ ಆಗುತ್ತಾ? ಇಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ದಕ್ಷಿಣದವರು ಚಟ್ನಿಪುಡಿ ಅಂತಾರಲ್ಲ, ಅದೇ. ಎಣ್ಣೆಗಾಯಿ, ಝುಣಕ, ಪುಂಡಿ ಪಲ್ಯ, ಮಡಕಿ ಕಾಳು, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು, ಮುಷ್ಟಿಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ಇಂಡಿ ಕಡೆಯಾದರೆ ಪಕ್ಕದಲ್ಲಿ ಲಿಂಬಿಕಾಯಿ ಉಪ್ಪಿನಕಾಯಿ ಇದ್ದೇ ಇರುತ್ತೆ. ಎಲ್ಲವೂ ಒಣಬೇಸಾಯದ ಹೊಲ, ಅದರ ಬದು, ಮನೆಯ ದನ ಕೊಟ್ಟದ್ದೇ. ಮಾರ್ಗಶಿರ ಮಾಸದ ಎಳ್ಳಮಾವಾಸ್ಯೆ ದಿನ ಇದನ್ನು ಕಣ್ಣಾರೆ ನೋಡಬಹುದು. ಮನೆ ಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ ಎಲ್ಲವನ್ನೂ ಮೊದಲು ಭೂಮಿತಾಯಿಗೆ ಎಡೆ ಹಿಡಿದು, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಜೋಳ ಹಾಲುಗಾಳು ಕಟ್ಟಿದಾಗ ತೆನೆ ಸುಟ್ಟು ತಿನ್ನೋ ಸೀತನಿಯ ರುಚಿ ಬೇರೆ. ಬೆಳೆ ಮೊದಲು, ಹಬ್ಬ ಆಮೇಲೆ. ಬೆಳೆ ಹೋದರೆ ಹಬ್ಬ ಯಾವುದಕ್ಕೆ ಮಾಡೋದು?

ಹೋಗುತ್ತಾ ಅಂತೀರಾ? ನೋಡಿ, ಈ ಸೀಮೆಯಲ್ಲಿ ಆಗ್ತಿರೋ ಬದಲಾವಣೆ ಒಂದೊಂದಾಗಿ ಹೇಳ್ತೀನಿ.

ಒಂದು, ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ದಶಕಗಟ್ಟಲೆ ಕಾದ ಮೇಲೆ ಮುಳವಾಡ, ಚಿಮ್ಮಲಗಿ ಏತ ನೀರಾವರಿ, ಇಂಡಿ ಶಾಖಾ ಕಾಲುವೆಗಳಿಂದ ಈ ಬರದ ನಾಡಿಗೆ ನೀರು ಹರಿಯಿತು. ಬಂದ ನೀರಿಗೆ ಯಾರೂ ಬೇಡ ಅನ್ನೋಕಾಗಲ್ಲ, ಅನ್ನಬಾರದು. ಆದರೆ ನೀರು ಬಂದ ಹೊಲದಲ್ಲಿ ರೈತ ಕಬ್ಬು ಹಾಕ್ತಾನೆ, ದ್ರಾಕ್ಷಿ ಹಾಕ್ತಾನೆ, ಲಿಂಬೆ ಹಾಕ್ತಾನೆ. ಜೋಳ ಹಾಕಲ್ಲ. ದುಡ್ಡು ಎಲ್ಲಿದೆಯೋ ಅಲ್ಲಿಗೆ ಹೋಗೋದು ತಪ್ಪಾ? ನೀರಿಲ್ಲದ ಹೊಲದಲ್ಲಿ ತೊಗರಿ, ಕಡಲೆ ಕೈ ಹಿಡಿಯುತ್ತೆ.

ಎರಡು, ಎತ್ತು. ಜೋಳ ಬೆಳೆಯುತ್ತಿದ್ದದ್ದು ಅರ್ಧ ಕಾಳಿಗೆ, ಅರ್ಧ ಕಣಿಕೆಗೆ. ಮನೆ ಮುಂದೆ ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಕಣಿಕೆ ಬಣವೆ ಯಾರಿಗೆ ಬೇಕು? ಅರ್ಧ ಲಾಭ ಅಲ್ಲೇ ಕರಗಿತು.

ಮೂರು, ಆಳು. ಹಿಂಗಾರಿ ಜೋಳವನ್ನು ಇಲ್ಲಿ ಬೇರು ಸಮೇತ ಕೈಯಿಂದ ಕೀಳುತ್ತಾರೆ. ಬಿಸಿಲಲ್ಲಿ ಸೊಂಟ ಬಗ್ಗಿಸಿ, ಗಟ್ಟಿಯಾದ ಎರಿ ಮಣ್ಣಿನಿಂದ ಒಂದೊಂದೇ ದಂಟು ಕೀಳೋ ಕೆಲಸ. ಆ ಕೆಲಸಕ್ಕೆ ಆಳು ಸಿಗ್ತಿಲ್ಲ. ಸಿಗೋದಾದರೂ ಹೇಗೆ? ಈ ತಾಲೂಕುಗಳ ಎಷ್ಟೋ ಕುಟುಂಬಗಳು ಕಬ್ಬು ಕಡಿಯೋಕೆ, ಗೌಂಡಿ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ, ಬೆಂಗಳೂರು ಅಂತ ಗುಳೆ ಹೋಗಿವೆ.

ನಾಲ್ಕು, ಅಕ್ಕಿ. 2013ರಲ್ಲಿ ಅನ್ನಭಾಗ್ಯ ಬಂತು. ಹಸಿದ ಹೊಟ್ಟೆಗೆ ಅನ್ನ ಬಿತ್ತು. ಅದನ್ನು ಆಡಿಕೊಳ್ಳೋರ ಸಾಲಿಗೆ ನಾನು ಸೇರಲ್ಲ. ಆದರೆ ಹಬ್ಬಕ್ಕೊಮ್ಮೆ ಅನ್ನ ಉಣ್ಣುತ್ತಿದ್ದ ಸೀಮೆಯಲ್ಲಿ ಅನ್ನ ದಿನದ ಊಟ ಆಗಿ, ರೊಟ್ಟಿ ದುಬಾರಿ ಊಟ ಆಯ್ತು. ಜೋಳವನ್ನೂ ಪಡಿತರದಲ್ಲಿ ಕೊಡೋ ಪ್ರಯತ್ನ ಆಗಾಗ ಆಗಿದೆ. ಆದರೆ ಕೊಡೋಕೆ ಮೊದಲು ರೈತನಿಂದ ಕೊಳ್ಳಬೇಕಲ್ಲ. 2024-25ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿಗೆ ಕ್ವಿಂಟಲ್‌ಗೆ 3,421 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು. ಬೆಲೆ ಕಾಗದದ ಮೇಲೆ ಇದ್ದರೆ ಸಾಲದು. ರಾಶಿ ಆದ ವಾರವೇ ಖರೀದಿ ಕೇಂದ್ರದ ಬಾಗಿಲು ತೆರೆದಿರಬೇಕು. ಸಾಲ ಇರೋ ರೈತ ತಿಂಗಳುಗಟ್ಟಲೆ ಕಾಯಲಾರ.

ಇನ್ನು ಐದನೆಯದು. ಇದನ್ನು ಯಾರೂ ಮಾತಾಡಲ್ಲ. ಅದು ರೊಟ್ಟಿ ಬಡಿಯೋ ಕೈ.

ಹಿಂದೊಮ್ಮೆ ಇಂಡಿ ಕಡೆ ಹೋಗಿದ್ದಾಗ ಒಂದು ಸಣ್ಣ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಒಳಗಿಂದ ಟಪ್ ಟಪ್ ಅಂತ ಸದ್ದು ನಿಲ್ಲದೆ ಬರ್ತಿತ್ತು. ಊಟ ಮುಗಿಸಿ ಒಳಗೆ ಇಣುಕಿದೆ. ಅರವತ್ತು ದಾಟಿದ ತಾಯಿ ಒಬ್ಬರು ಒಲೆ ಮುಂದೆ ಕೂತಿದ್ದರು.

“ಅವ್ವಾ, ದಿನಾ ಎಷ್ಟು ರೊಟ್ಟಿ ಬಡೀತೀರಿ?” ಅಂದೆ.

“ಎಣಿಸೋರು ಯಾರಪಾ? ಹಿಟ್ಟ ಮುಗಿಯೂತನಾ ಬಡಿಯೂದು,” ಅಂದರು.

“ಮಗಳಿಗೆ, ಸೊಸೆಗೆ ಕಲಿಸೀರೇನು?”

ಅವರು ಅಂಗೈ ತೋರಿಸಿದರು. “ಇದನ್ನ ನೋಡು. ಈ ಕೈ ನನ್ನ ಮಗಳಿಗೆ ಯಾಕ ಬೇಕೋ ಯಪ್ಪಾ?”

ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಏನು ಉತ್ತರ ಕೊಡಲಿ? ‘ಇವತ್ತಿನ ಹುಡುಗಿಯರಿಗೆ ರೊಟ್ಟಿ ಬಡಿಯೋಕೆ ಬರಲ್ಲ’ ಅಂತ ನಾವು ಗಂಡಸರು ಕಟ್ಟೆ ಮೇಲೆ ಕೂತು ನಿಟ್ಟುಸಿರು ಬಿಡ್ತೀವಿ. ಬೆಳಗಿನ ಜಾವ ಎದ್ದು, ಹೊಗೆಯಲ್ಲಿ ಕೂತು, ಮನೆ ಮಂದಿಗೆಲ್ಲ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಮತ್ತೆ ಕೂಲಿಗೆ ಹೋಗೋಳು ಅವಳು. ನಾವು ಪರಂಪರೆ ಅಂತ ಕರೆಯೋದು ಅವಳ ಪಾಲಿಗೆ ದಿನಾ ತೀರಿಸೋ ಬಾಕಿ. ಕೈ ಯಾಕೆ ಹಿಂದೆ ತೆಗೀತಾಳೆ ಅಂತ ಕೇಳೋ ಮೊದಲು, ಆ ಕೈಗೆ ನಾವು ಏನು ಕೊಟ್ಟಿದ್ದೀವಿ ಅಂತ ಕೇಳ್ಕೋಬೇಕು.

ಇದು ನಮ್ಮೊಬ್ಬರ ಕಥೆ ಅಲ್ಲ. ಮೆಕ್ಸಿಕೋ ನೋಡಿ. ಅಲ್ಲಿ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ಕಲ್ಲಿನ ಮೇಲೆ ಅರೆದು, ಕೈಯಲ್ಲಿ ತಟ್ಟಿ ‘ಟೋರ್ಟಿಯಾ’ ಅನ್ನೋ ರೊಟ್ಟಿ ಮಾಡ್ತಾರೆ. ಹೆಂಗಸರು ದಿನಕ್ಕೆ ಗಂಟೆಗಟ್ಟಲೆ ಮಂಡಿಯೂರಿ ಅರೆಯಬೇಕಿತ್ತು. ಮೊದಲು ಗಿರಣಿ ಬಂತು, ಆಮೇಲೆ ರೊಟ್ಟಿ ಮಾಡೋ ಯಂತ್ರ ಬಂತು, ಓಣಿಗೊಂದು ಟೋರ್ಟಿಯಾ ಅಂಗಡಿ ಬಂತು. ಕೈಯಿಂದ ತಟ್ಟಿದ್ದರ ರುಚಿಯೇ ಬೇರೆ ಅಂತ ಅಲ್ಲಿನವರೂ ಹೇಳ್ತಾರೆ. ಆದರೆ ಟೋರ್ಟಿಯಾ ಸಾಯಲಿಲ್ಲ. 2010ರಲ್ಲಿ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮಲ್ಲಿ ಬೀಸುಕಲ್ಲಿನ ಕಷ್ಟವನ್ನು ಗಿರಣಿ ಕಳೆಯಿತು. ಅದನ್ನು ಪರಂಪರೆಗೆ ದ್ರೋಹ ಅಂತ ಯಾರೂ ಅಳಲಿಲ್ಲ. ಹಿಟ್ಟು ನಾದೋ ಯಂತ್ರ, ರೊಟ್ಟಿ ಒತ್ತೋ ಯಂತ್ರಕ್ಕೂ ಹಾಗೆ ಅಳಬೇಕಿಲ್ಲ.

ಇನ್ನೊಂದು ವಿಷಯ. ಜೋಳ ನಮ್ಮದು, ನಮ್ಮದು ಅಂತೀವಲ್ಲ, ಅದರ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ನೆಲಕ್ಕೆ ಬಂದ ಬೆಳೆ ಇದು. ಇವತ್ತಿಗೂ ಸುಡಾನ್ ದೇಶದ ಹೆಂಗಸರು ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ಕಾಗದದಷ್ಟು ತೆಳ್ಳಗೆ ಸವರಿ ‘ಕಿಸ್ರಾ’ ಮಾಡ್ತಾರೆ. ಅದೇ ಕಾಳು ಅಮೆರಿಕದಲ್ಲಿ ಬಹುಪಾಲು ದನದ ಮೇವಿಗೆ, ಇಂಧನಕ್ಕೆ ಹೋಗುತ್ತೆ. ಚೀನಾದಲ್ಲಿ ಮದ್ಯಕ್ಕೆ ಹೋಗುತ್ತೆ. ಒಂದು ಕಾಳು ಊಟ ಆಗಿ ಉಳಿಯಬೇಕಾದರೆ ಅದನ್ನು ಊಟ ಮಾಡಿಕೊಡೋ ಕೈ ಬೇಕೇ ಬೇಕು.

ಆ ಕೈಗೆ ದುಡ್ಡು ಕೊಡೋ ದಾರಿ ಇಲ್ವಾ? ಇದೆ. ಪಕ್ಕದ ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು, ಸ್ವಸಹಾಯ ಸಂಘದ ಮಹಿಳೆಯರು ಮಾಡಿದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂದಿದೆ. ನಮ್ಮ ಇಂಡಿಯನ್ನೇ ನೋಡಿ. ಲಿಂಬೆಗೆ ಅಂತಲೇ ಇಂಡಿಯಲ್ಲಿ ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇದೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತು, ಅದೇ ಜಿಐ ಟ್ಯಾಗ್, ಸಿಕ್ಕಿತು. ಬೇರೆ ಊರಿನ ಲಿಂಬೆಗೆ ಇಂಡಿ ಅಂತ ಚೀಟಿ ಅಂಟಿಸಿ ಇನ್ನು ಮಾರೋ ಹಾಗಿಲ್ಲ. ಒಳ್ಳೇದು. ಉಪ್ಪಿನಕಾಯಿಯ ಲಿಂಬೆಗೆ ಮಂಡಳಿಯೂ ಬಂತು, ಗುರುತೂ ಬಂತು. ಆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನೋ ರೊಟ್ಟಿಗೆ?

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಪ್ರಸ್ತಾಪ ಇಟ್ಟಿದ್ದೇ ಭಾರತ, ಒಪ್ಪಿದ್ದು ವಿಶ್ವಸಂಸ್ಥೆ. ಆ ವರ್ಷ ಮೇಳ ನಡೆದವು, ಪಂಚತಾರಾ ಹೋಟೆಲ್ಲಿನಲ್ಲಿ ಜೋಳದ ಬಿಸ್ಕತ್ತು ಹಂಚಿದರು, ಫೋಟೋ ತೆಗೆಸಿಕೊಂಡರು. ವರ್ಷ ಮುಗೀತು, ಮೇಳವೂ ಮುಗೀತು. ಇಂಡಿಯ ಆ ಒಲೆ ಮುಂದೆ ಏನಾದರೂ ಬದಲಾಯ್ತಾ?

ಬದಲಾಗಬೇಕಾದರೆ ಮೂರು ಕೆಲಸ ಸಾಕು. ಜೋಳವನ್ನು ರಾಶಿಯ ಹೊತ್ತಿಗೇ ಕೊಂಡು, ಈ ಜಿಲ್ಲೆಯ ಪಡಿತರಕ್ಕೂ ಶಾಲೆಗೂ ಕೊಡಿ. ಜೋಳ ಕೀಳೋಕೆ, ಹಿಟ್ಟು ನಾದೋಕೆ, ರೊಟ್ಟಿ ಒತ್ತೋಕೆ ಸಣ್ಣ ಯಂತ್ರಗಳನ್ನು ಮಹಿಳಾ ಸಂಘಗಳ ಕೈಗೆ ತಲುಪಿಸಿ. ರೊಟ್ಟಿ ಬಡಿಯೋರಿಗೆ ನುರಿತ ಕುಶಲಕರ್ಮಿಯ ಕೂಲಿ ಕೊಡಿ. ನೇಪಲ್ಸಿನ ಪಿಜ್ಜಾ ಮಾಡುವವನ ಕೈ ಮನುಕುಲದ ಪರಂಪರೆ ಆಗೋದಾದರೆ, ಬಿಸಿ ಎಸರಿನಲ್ಲಿ ಬೆಂದ ಸಿಂದಗಿಯ ಹೆಣ್ಣುಮಗಳ ಕೈ ಯಾಕೆ ಬರೀ ‘ಅಡುಗೆ ಕೆಲಸದವಳ ಕೈ’ ಆಗಿ ಉಳೀಬೇಕು?

ಶಾಲೆ ಅಂದೆ ನೋಡಿ, ಒಂದು ಮಾತು ನೆನಪಾಯ್ತು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಹುಟ್ಟಿದ್ದು ಇದೇ ಬಾಗೇವಾಡಿಯಲ್ಲಿ. ಕಾಯಕ, ದಾಸೋಹ ಅನ್ನೋ ಎರಡು ಮಾತು ಕೇಳಿದ ಕೂಡಲೇ ನಮಗೆ ನೆನಪಾಗೋದು ಅವರು. 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೇ ಶುರುವಾದ ಶಾಲಾ ಬಿಸಿಯೂಟಕ್ಕೆ ಸರ್ಕಾರ ಇಟ್ಟ ಹೆಸರು ‘ಅಕ್ಷರ ದಾಸೋಹ’. ಹೆಸರು ಬಾಗೇವಾಡಿಯ ಪರಂಪರೆಯದು. ತಾಟಿನಲ್ಲಿ ಮಾತ್ರ ಹೆಚ್ಚಾಗಿ ಅನ್ನ. ದಾಸೋಹದ ಮಾತು ಎತ್ತಿಕೊಂಡವರು ಕಾಯಕದ ಮಾತು ಮರೆತುಬಿಟ್ಟರು. ರೊಟ್ಟಿ ಬಡಿಯೋದೂ ಕಾಯಕವೇ, ಮತ್ತು ಕಾಯಕಕ್ಕೆ ಬೆಲೆ ಇರಬೇಕು.

ಮುಂದಿನ ಸಲ ಖಾನಾವಳಿಯಲ್ಲಿ ‘ಇನ್ನೊಂದು ಬಿಸಿ ರೊಟ್ಟಿ ಹಾಕ್ರೀ’ ಅಂತ ಕೂಗ್ತೀರಲ್ಲ, ಆಗ ಒಂದು ಕ್ಷಣ ಒಳಗಿನ ಸದ್ದು ಕೇಳಿಸಿಕೊಳ್ಳಿ. ಟಪ್ ಟಪ್ ಅಂತ ಬರ್ತಿರುತ್ತೆ. ಆ ಸದ್ದು ನಿಂತ ದಿನ ಬೋರ್ಡಿನ ಮೇಲೆ ಉತ್ತರ ಕರ್ನಾಟಕ ಅಂತ ಇರುತ್ತೆ, ತಾಟಿನಲ್ಲಿ ಇರಲ್ಲ.